ಶೆವರ್ಲೆ ಕೊರ್ವೇರ್: ಆ ಕಾರನ್ನು ಮುಗಿಸಿದ್ದು ನಿಜವಾಗಿ ಯಾರು?

ಹಳೇಗಾಡಿ:

ಹಳೆಯ ಅಮೆರಿಕನ್ ಕಾರುಗಳ ಮಾತು ಬಂದಾಗ ಶೆವರ್ಲೆ ಕೊರ್ವೇರ್ ಬಗ್ಗೆ ಎಲ್ಲರೂ ಹೇಳುವುದು ಒಂದೇ ಕಥೆ. ರಾಲ್ಫ್ ನೇಡರ್ ಅನ್ನುವ ವಕೀಲ ಪುಸ್ತಕ ಬರೆದ, ಈ ಕಾರು ಅಪಾಯ ಅಂದ, ಜನ ಕೊಳ್ಳುವುದು ಬಿಟ್ಟರು, ಕಾರು ಮುಗಿಯಿತು. ಇದನ್ನು ಓದಿ ಓದಿ ಸಾಕಾಗಿದೆ. ತಾರೀಕುಗಳನ್ನು ಸಾಲಾಗಿ ಇಟ್ಟು ನೋಡಿದರೆ ಈ ಕಥೆ ನಿಲ್ಲುವುದಿಲ್ಲ. ಕೊರ್ವೇರನ್ನು ಮುಗಿಸಿದ್ದು ಫೋರ್ಡ್ ಮಸ್ಟ್ಯಾಂಗ್. ಪುಸ್ತಕ ಅಂಗಡಿಗೆ ಬರುವಷ್ಟರಲ್ಲಿ ಆ ಕೆಲಸ ಆಗಿಹೋಗಿತ್ತು. ಇದು ನನ್ನ ವಾದ. ಒಪ್ಪದವರು ಬನ್ನಿ, ಮಾತಾಡೋಣ.

ಮೊದಲು ಹಿನ್ನೆಲೆ. 1950ರ ದಶಕದ ಅಮೆರಿಕದಲ್ಲಿ ಕಾರು ಅಂದರೆ ಮುಂದೆ ದೊಡ್ಡ ಎಂಜಿನ್, ಹಿಂದಿನ ಚಕ್ರಕ್ಕೆ ಶಕ್ತಿ, ಉದ್ದನೆಯ ಮೈ, ಬಾಲಕ್ಕೆ ರೆಕ್ಕೆ, ಮೈತುಂಬ ಕ್ರೋಮ್. ಅದೇ ಹೊತ್ತಿಗೆ ಜರ್ಮನಿಯ ಪುಟ್ಟ ಬೀಟಲ್ ಅಲ್ಲಿ ಚೆನ್ನಾಗಿ ಮಾರಾಟ ಆಗತೊಡಗಿತು. 1958ರ ಆರ್ಥಿಕ ಹಿಂಜರಿತದಲ್ಲಂತೂ ದೊಡ್ಡ ಕಾರು ಕೊಳ್ಳುವವರು ಕಡಿಮೆಯಾದರು. ಡೆಟ್ರಾಯ್ಟಿನ ಮೂರೂ ದೊಡ್ಡ ಕಂಪನಿಗಳು ಸಣ್ಣ ಕಾರು ಮಾಡಲೇಬೇಕಾಯಿತು. ಫೋರ್ಡ್ ಫಾಲ್ಕನ್ ತಂದಿತು, ಕ್ರೈಸ್ಲರ್ ವೇಲಿಯಂಟ್ ತಂದಿತು. ಎರಡೂ ದೊಡ್ಡ ಕಾರನ್ನೇ ಕುಗ್ಗಿಸಿ ಮಾಡಿದ ಹಾಗಿದ್ದವು.

ಶೆವರ್ಲೆಯ ಮುಖ್ಯಸ್ಥ ಎಡ್ ಕೋಲ್ ಆ ದಾರಿ ಹಿಡಿಯಲಿಲ್ಲ. ಆತ ಮೂಲತಃ ಎಂಜಿನಿಯರ್. 1955ರ ಪ್ರಸಿದ್ಧ ಶೆವರ್ಲೆ ವಿ8 ಎಂಜಿನ್ ಹಿಂದೆ ಇದ್ದದ್ದು ಆತನೇ. ಸಣ್ಣ ಕಾರನ್ನು ಸೊನ್ನೆಯಿಂದ ಯೋಚಿಸಬೇಕು ಅಂತ ಹಠ ಹಿಡಿದ. ಹಾಗೆ ಹುಟ್ಟಿದ್ದು ಕೊರ್ವೇರ್. 1959ರ ಅಕ್ಟೋಬರ್ 2ರಂದು ಮಾರುಕಟ್ಟೆಗೆ ಬಂತು. ಎಂಜಿನ್ ಹಿಂದೆ. ಆರು ಸಿಲಿಂಡರ್, ಒಂದು ಕಡೆ ಮೂರು, ಇನ್ನೊಂದು ಕಡೆ ಮೂರು, ಎರಡೂ ಕಡೆ ಅಡ್ಡಡ್ಡ ಮಲಗಿಸಿದ್ದು. ಅಲ್ಯೂಮಿನಿಯಂ ಎರಕ. ತಂಪಾಗುವುದು ಗಾಳಿಯಿಂದ, ಅಂದರೆ ರೇಡಿಯೇಟರ್ ಇಲ್ಲ, ನೀರು ತುಂಬುವ ತಾಪತ್ರಯ ಇಲ್ಲ. 2.3 ಲೀಟರ್, 80 ಅಶ್ವಶಕ್ತಿ. ಇದೇ ಬಗೆಯ, ಹಿಂದೆ ಇಟ್ಟ, ಗಾಳಿಯಿಂದ ತಣಿಯುವ ಆರು ಸಿಲಿಂಡರ್ ಎಂಜಿನ್ ಇರುವ ಪೋರ್ಷೆ 911 ಜನರ ಕಣ್ಣಿಗೆ ಬಿದ್ದದ್ದು 1963ರಲ್ಲಿ. ಅಷ್ಟರಲ್ಲಿ ಶೆವರ್ಲೆಯಂಥ ದಿನಬಳಕೆಯ ಕಂಪನಿ ಅಂಥ ಕಾರುಗಳನ್ನು ಲಕ್ಷಗಟ್ಟಲೆ ಮಾಡಿಯಾಗಿತ್ತು!

ಆ ಕಾಲಕ್ಕೆ ಇದು ಎಷ್ಟು ದೊಡ್ಡ ಸುದ್ದಿ ಅಂದರೆ ಟೈಮ್ ಪತ್ರಿಕೆ ಎಡ್ ಕೋಲ್‌ನನ್ನು ಮುಖಪುಟಕ್ಕೆ ಹಾಕಿತು. ಮೋಟರ್ ಟ್ರೆಂಡ್ ಪತ್ರಿಕೆ 1960ರ ವರ್ಷದ ಕಾರು ಅಂತ ಆರಿಸಿತು. ಮೊದಲ ಮಾದರಿ ವರ್ಷದಲ್ಲೇ ಸುಮಾರು ಎರಡೂವರೆ ಲಕ್ಷ ಕಾರು ತಯಾರಾದವು. ಆದರೆ ಫಾಲ್ಕನ್ ನಾಲ್ಕು ಲಕ್ಷ ದಾಟಿತು. ಸುಮ್ನೆ ಅಗ್ಗದ ಕಾರು ಬೇಕಿದ್ದವರು ಸರಳವಾದ ಫಾಲ್ಕನ್ ಕಡೆ ಹೋದರು. ಕೊರ್ವೇರನ್ನು ಉಳಿಸಿದ್ದು ಮೋಂಜಾ ಅನ್ನುವ ಮಾದರಿ. ಬಕೆಟ್ ಸೀಟು, ಚಂದದ ಒಳಾಂಗಣ, ಎರಡು ಬಾಗಿಲು. ಸಣ್ಣ ಕಾರಿನಲ್ಲೂ ಶೋಕಿ ಇರಬಹುದು ಅಂತ ಅಮೆರಿಕಕ್ಕೆ ತೋರಿಸಿಕೊಟ್ಟಿದ್ದು ಇದು. ಈ ಮೋಂಜಾ ನೋಡಿಯೇ ಫೋರ್ಡ್‌ನವರಿಗೆ ಮಸ್ಟ್ಯಾಂಗ್ ಯೋಚನೆಗೆ ಧೈರ್ಯ ಬಂತು. ಮುಂದೆ ಅದೇ ಮಸ್ಟ್ಯಾಂಗ್ ಇದನ್ನು ನುಂಗಿತು.

ನಟ್ಟುಬೋಲ್ಟು:

ಒಳ್ಳೆಯ ಎಳೆ. ಆದರೆ ಮಸ್ಟ್ಯಾಂಗ್ ವಿಷಯಕ್ಕೆ ಹೋಗುವ ಮುಂಚೆ ಆ ಕಾರಿನ ಹಿಂಭಾಗದ ಸಸ್ಪೆನ್ಷನ್, ಅಂದರೆ ಚಕ್ರವನ್ನು ಮೈಗೆ ಜೋಡಿಸಿ ಕುಲುಕು ತಡೆಯುವ ವ್ಯವಸ್ಥೆ, ಅದರ ಬಗ್ಗೆ ಮಾತಾಡಲೇಬೇಕು. ಗಲಾಟೆಯೆಲ್ಲ ಶುರುವಾದದ್ದು ಅಲ್ಲಿಂದಲೇ. ಅದನ್ನು ಸರಿಯಾಗಿ ವಿವರಿಸುವವರೇ ಕಮ್ಮಿ.

1960ರಿಂದ 1963ರವರೆಗಿನ ಕೊರ್ವೇರ್‌ನಲ್ಲಿ ಇದ್ದದ್ದು ಸ್ವಿಂಗ್ ಆಕ್ಸಲ್. ಎಂಜಿನ್ ಶಕ್ತಿಯನ್ನು ಎರಡೂ ಚಕ್ರಕ್ಕೆ ಹಂಚುವ ಡಿಫರೆನ್ಷಿಯಲ್ ನಡುವೆ ಗಟ್ಟಿಯಾಗಿ ಕೂತಿರುತ್ತದೆ. ಅದರ ಎರಡೂ ಪಕ್ಕದಿಂದ ಒಂದೊಂದು ಅರ್ಧ ಆಕ್ಸಲ್ ಹೊರಡುತ್ತದೆ. ಜಾಯಿಂಟ್ ಇರುವುದು ಡಿಫರೆನ್ಷಿಯಲ್ ಕಡೆ ಮಾತ್ರ. ಚಕ್ರದ ಕಡೆ ಜಾಯಿಂಟ್ ಇಲ್ಲ. ಹಾಗಾಗಿ ಚಕ್ರ ಮೇಲೆ ಕೆಳಗೆ ಆಡಿದಾಗ ಬಾಗಿಲು ಕೀಲಿನ ಮೇಲೆ ತಿರುಗಿದ ಹಾಗೆ ಇಡೀ ಆಕ್ಸಲ್ ತಿರುಗುತ್ತದೆ, ಚಕ್ರವೂ ಅದರ ಜೊತೆ ವಾಲುತ್ತದೆ. ನೇರ ರಸ್ತೆಯಲ್ಲಿ ಏನೂ ತೊಂದರೆ ಇಲ್ಲ, ಹಳ್ಳ ದಿಣ್ಣೆಯಲ್ಲಿ ಹಳೆಯ ಗಟ್ಟಿ ಆಕ್ಸಲ್‌ಗಿಂತ ಹಾಯಾಗಿರುತ್ತದೆ. ತೊಂದರೆ ಇರುವುದು ತಿರುವಿನಲ್ಲಿ ವೇಗವಾಗಿ ಹೋದಾಗ. ಹೊರಗಡೆಯ ಚಕ್ರದ ಮೇಲೆ ಅಡ್ಡ ಒತ್ತಡ ಬಿದ್ದು ಕಾರಿನ ಹಿಂಭಾಗ ಮೇಲಕ್ಕೆ ಏಳುತ್ತದೆ. ಎದ್ದ ಕೂಡಲೇ ಆ ಚಕ್ರ ಒಳಗಡೆಗೆ ಮಡಚಿಕೊಳ್ಳುತ್ತದೆ. ಟೈರಿನ ಅಂಚು ಮಾತ್ರ ನೆಲಕ್ಕೆ ತಾಗುತ್ತದೆ. ಹಿಡಿತ ಹೋಗುತ್ತದೆ, ಹಿಂಭಾಗ ಥಟ್ಟನೆ ಹೊರಗೆ ಹಾರುತ್ತದೆ. ಕಾರಿನ ತೂಕದಲ್ಲಿ 60 ಪರ್ಸೆಂಟಿಗಿಂತ ಜಾಸ್ತಿ ಹಿಂದೆಯೇ ಇದ್ದದ್ದರಿಂದ ಒಮ್ಮೆ ಹಾರಿದರೆ ಹಿಡಿದು ತರುವುದು ಕಷ್ಟ. ಮುಂದೆ ಎಂಜಿನ್ ಇರುವ ಭಾರದ ಕಾರು ಓಡಿಸಿ ಅಭ್ಯಾಸ ಆದವರು ಗಾಬರಿಯಲ್ಲಿ ಆಕ್ಸಿಲರೇಟರ್ ಬಿಟ್ಟರೆ ಇನ್ನೂ ಕೆಟ್ಟದು.

ಇದಕ್ಕೆ ಶೆವರ್ಲೆ ಕೊಟ್ಟ ಪರಿಹಾರ ಟೈರಿನ ಗಾಳಿ. ಮುಂದಿನ ಟೈರಿಗೆ 15 ಪಿಎಸ್ಐ, ಹಿಂದಿನದಕ್ಕೆ 26. ಮುಂದೆ ಗಾಳಿ ಕಮ್ಮಿ ಇದ್ದರೆ ಮುಂದಿನ ಟೈರು ಮೊದಲು ಜಾರುತ್ತದೆ, ಕಾರು ತಿರುವಿನಿಂದ ಹೊರಕ್ಕೆ ನೇರ ಹೋಗಲು ನೋಡುತ್ತದೆ, ಚಾಲಕನಿಗೆ ಅದು ಪರಿಚಿತ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಯೋಚಿಸಿ, ಪೆಟ್ರೋಲ್ ಬಂಕಿನಲ್ಲಿ ಗಾಳಿ ಹಿಡಿಯುವ ಹುಡುಗನಿಗೆ ಇದು ಯಾರು ಹೇಳಬೇಕು? ನಾಲ್ಕೂ ಚಕ್ರಕ್ಕೆ ಒಂದೇ ಗಾಳಿ ಹಾಕುವುದು ಅಲ್ಲೂ ರೂಢಿ, ಇಲ್ಲೂ ರೂಢಿ. 15 ಅಂತ ನೋಡಿದ ಯಾವ ಮೆಕ್ಯಾನಿಕ್ ಆದರೂ ಟೈರು ಪಂಕ್ಚರ್ ಅಂದುಕೊಳ್ಳುತ್ತಾನೆ. ಒಂದು ಕಾರಿನ ಸುರಕ್ಷತೆಯನ್ನು ಬಂಕಿನ ಹುಡುಗನ ಕೈಗೆ ಕೊಟ್ಟದ್ದು ದೊಡ್ಡ ತಪ್ಪು ಅಂತಲೇ ನಾನು ಹೇಳುತ್ತೇನೆ.

ನಮ್ಮವರಿಗೆ ಸ್ವಿಂಗ್ ಆಕ್ಸಲ್ ಹೊಸದೇನಲ್ಲ. ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ನೆನಪಿದೆಯಲ್ವಾ? ಅದರ ಹಿಂದೆಯೂ ಇದೇ ವ್ಯವಸ್ಥೆ, ಮೇಲೆ ಅಡ್ಡ ಪಾಟಾ (ಪಟ್ಟಿ ಸ್ಪ್ರಿಂಗು). ಅದರ ಎಂಜಿನ್ ಮುಂದಿದ್ದರಿಂದ ಕೊರ್ವೇರಿನಷ್ಟು ತೂಕ ಹಿಂದೆ ಇರಲಿಲ್ಲ. ಆಮೇಲೆ ಬಂದ ಸ್ಟ್ಯಾಂಡರ್ಡ್ ಗೆಝೆಲ್‌ನಲ್ಲಿ ಅದನ್ನು ತೆಗೆದು ಗಟ್ಟಿ ಆಕ್ಸಲ್ ಹಾಕಿದರು. ಇನ್ನು ಟಾಟಾ ನ್ಯಾನೋ ನೋಡಿ. ಎಂಜಿನ್ ಹಿಂದೆ, ಮುಂದಿನ ಟೈರು 135, ಹಿಂದಿನದು 155. ಗಾಳಿಯ ಲೆಕ್ಕವನ್ನು ಮಾಲೀಕನಿಗೆ ಬಿಡುವ ಬದಲು ಟೈರಿನ ಅಗಲದಲ್ಲೇ ಹಾಕಿಬಿಟ್ಟರು. ಇದು ಜಾಣತನ.

ಕಾವೇರಿ ತೀರ:

ಒಂದು ಪ್ರಶ್ನೆ. ಮುಂದೆ ಒಂದು ಆಂಟಿ ರೋಲ್ ಬಾರ್ (ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಸರಳು) ಹಾಕಿದ್ದರೆ ಈ ಸಮಸ್ಯೆ ಎಷ್ಟೋ ಕಮ್ಮಿ ಆಗುತ್ತಿತ್ತು ಅಂತ ಓದಿದ್ದೇನೆ. ಮತ್ತೆ ಯಾಕೆ ಹಾಕಲಿಲ್ಲ? ಅದು ಬರೀ ಒಂದು ಬಗ್ಗಿಸಿದ ಉಕ್ಕಿನ ಸರಳು ಅಷ್ಟೇ ತಾನೇ.

ಹಳೇಗಾಡಿ:

ದುಡ್ಡು. ಬೇರೆ ಕಾರಣವೇ ಇಲ್ಲ. ವಿನ್ಯಾಸದಲ್ಲಿ ಅದು ಇತ್ತು, ಖರ್ಚು ಉಳಿಸಲು ತೆಗೆದರು. ಒಂದು ಕಾರಿಗೆ ಕೆಲವೇ ಡಾಲರ್ ಲೆಕ್ಕ. ಜೊತೆಗೆ ಇನ್ನೊಂದು ಎಡವಟ್ಟಾಯಿತು. ಎಂಜಿನ್ ತೂಕ 288 ಪೌಂಡ್ ಇರಬೇಕು ಅಂತ ಗುರಿ ಇಟ್ಟಿದ್ದರು. ಮಾಡಿ ಮುಗಿಸಿದಾಗ 366 ಪೌಂಡ್ ಆಯಿತು, ಅಂದರೆ ಸುಮಾರು 35 ಕೆಜಿ ಹೆಚ್ಚು. ಅಷ್ಟೂ ತೂಕ ಹಿಂದಿನ ಆಕ್ಸಲ್‌ನಿಂದಲೂ ಆಚೆ, ಕಾರಿನ ಕಟ್ಟಕಡೆಗೆ ನೇತಾಡುತ್ತದೆ. ಭಾರ ಹೆಚ್ಚಾದಾಗ ಆ ಸರಳು ಇನ್ನೂ ಬೇಕಾಗಿತ್ತು, ಅದನ್ನೇ ತೆಗೆದರು.

1962ಕ್ಕೆ ಅದನ್ನು ಐಚ್ಛಿಕ ಪ್ಯಾಕೇಜ್ ಆಗಿ ಮಾರತೊಡಗಿದರು. ಗಟ್ಟಿ ಸ್ಪ್ರಿಂಗು, ಮುಂದೆ ಸರಳು, ಹಿಂದಿನ ಆಕ್ಸಲ್ ಜಾಸ್ತಿ ಕೆಳಗೆ ಇಳಿಯದ ಹಾಗೆ ಪಟ್ಟಿ. ಅಂದರೆ ಗೊತ್ತಿದ್ದವರು, ಅದರಲ್ಲೂ ಜೋರಾಗಿ ಓಡಿಸುವವರು, ದುಡ್ಡು ಕೊಟ್ಟು ಹಾಕಿಸಿಕೊಂಡರು. ಮನೆಮಂದಿಗಾಗಿ ಕಾರು ಕೊಂಡವರಿಗೆ ಅದು ಬೇಕು ಅಂತಲೇ ಗೊತ್ತಿರಲಿಲ್ಲ. ನನಗೆ ಈ ಇಡೀ ಕಥೆಯಲ್ಲಿ ಹೊಟ್ಟೆ ಉರಿಯುವುದು ಈ ಜಾಗದಲ್ಲಿ. 1964ರಲ್ಲಿ ಸರಳನ್ನು ಎಲ್ಲ ಕಾರಿಗೂ ಹಾಕಿದರು, ಹಿಂದೆ ಅಡ್ಡಲಾಗಿ ಒಂದು ಪಾಟಾ ಕೂಡ ಸೇರಿಸಿದರು. 1965ರಲ್ಲಿ ಸ್ವಿಂಗ್ ಆಕ್ಸಲ್ ಅನ್ನೇ ಬಿಟ್ಟು ಕಾರ್ವೆಟ್ ಸ್ಪೋರ್ಟ್ಸ್ ಕಾರಿನಲ್ಲಿದ್ದಂಥ ಪೂರ್ತಿ ಸ್ವತಂತ್ರ ಸಸ್ಪೆನ್ಷನ್ ಕೊಟ್ಟರು. ಅಲ್ಲಿಗೆ ತಾಂತ್ರಿಕವಾಗಿ ಸಮಸ್ಯೆ ಮುಗಿಯಿತು.

ಗ್ರಾಹಕಪರ:

ಮುಗಿಯಿತು ಅಂತ ಅಷ್ಟು ಸುಲಭಕ್ಕೆ ಹೇಳಬೇಡಿ. 1960ರಿಂದ 63ರವರೆಗೆ ಮಾರಿದ ಕಾರುಗಳು ರಸ್ತೆಯಲ್ಲೇ ಇದ್ದವಲ್ಲ? ಅವುಗಳನ್ನು ಯಾರೂ ವಾಪಸ್ ಕರೆಸಲಿಲ್ಲ. ಪುಸ್ತಕ ಬರುವ ಹೊತ್ತಿಗೆ ಶೆವರ್ಲೆಯ ಮಾತೃಸಂಸ್ಥೆ ಜನರಲ್ ಮೋಟರ್ಸ್ ಮೇಲೆ ಕೊರ್ವೇರ್ ವಿಚಾರದಲ್ಲೇ ನೂರಕ್ಕೂ ಹೆಚ್ಚು ಮೊಕದ್ದಮೆಗಳಿದ್ದವು. ಪುಸ್ತಕ ಶುರುವಾಗುವುದೇ ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದಲ್ಲಿ ಕೊರ್ವೇರ್ ಮಗುಚಿ ಒಂದು ಕೈ ಕಳೆದುಕೊಂಡ ಹೆಂಗಸಿನ ಪ್ರಕರಣದಿಂದ. ಕಂಪನಿ ಆಕೆಗೆ 70 ಸಾವಿರ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು.

ನೇಡರ್ ಬಗ್ಗೆ ಕಾರುಪ್ರಿಯರು ಬರೆಯುವುದನ್ನು ನೋಡಿದರೆ ಆತ ಕೊರ್ವೇರ್ ಮೇಲಿನ ದ್ವೇಷಕ್ಕೆ ಪುಸ್ತಕ ಬರೆದ ಅನ್ನಿಸುತ್ತದೆ. ಹಾಗಲ್ಲ. "ಅನ್‌ಸೇಫ್ ಅಟ್ ಎನಿ ಸ್ಪೀಡ್" 1965ರ ನವೆಂಬರ್ 30ರಂದು ಬಂತು. ಅದರ ಎಂಟು ಅಧ್ಯಾಯಗಳಲ್ಲಿ ಕೊರ್ವೇರ್‌ಗೆ ಮೀಸಲಾದದ್ದು ಮೊದಲನೆಯದು ಒಂದೇ. ಉಳಿದದ್ದು ಇಡೀ ಉದ್ಯಮದ ಬಗ್ಗೆ. ಅಪಘಾತವಾದಾಗ ಒಳಗಿನವರು ಗಟ್ಟಿ ಡ್ಯಾಶ್‌ಬೋರ್ಡಿಗೆ, ಸ್ಟೀರಿಂಗ್ ಕಂಬಕ್ಕೆ ಬಡಿದುಕೊಂಡು ಸಾಯುತ್ತಾರೆ, ಅದನ್ನು ತಡೆಯಬಹುದು ಅಂತ ಬರೆದ. ಕ್ರೋಮ್ ಹೊಳಪು ಚಾಲಕನ ಕಣ್ಣಿಗೆ ಹೊಡೆಯುತ್ತದೆ ಅಂತ ಬರೆದ. ಹೊಗೆಯ ಬಗ್ಗೆ ಬರೆದ. ಪಾದಚಾರಿಗಳ ಬಗ್ಗೆ ಬರೆದ. 1965ರಲ್ಲಿ ಅಮೆರಿಕದ ರಸ್ತೆಗಳಲ್ಲಿ ಸತ್ತವರು 47 ಸಾವಿರ. ಆಗ ತಪ್ಪೆಲ್ಲ ಚಾಲಕನದ್ದು ಅನ್ನುವುದೇ ಕಂಪನಿಗಳ ಮಾತಾಗಿತ್ತು.

ಆಮೇಲೆ ಕಂಪನಿ ಏನು ಮಾಡಿತು? ಆತನ ಹಿಂದೆ ಖಾಸಗಿ ಪತ್ತೇದಾರರನ್ನು ಬಿಟ್ಟಿತು. ಸ್ನೇಹಿತರನ್ನು, ಪರಿಚಯದವರನ್ನು ವಿಚಾರಿಸಿದರು. ಆತನನ್ನು ಬಲೆಗೆ ಕೆಡವಲು ಹೆಂಗಸರನ್ನು ಕಳಿಸಿದರು ಅನ್ನುವ ಆರೋಪವೂ ಬಂತು. 1966ರ ಮಾರ್ಚ್‌ನಲ್ಲಿ ಜನರಲ್ ಮೋಟರ್ಸ್ ಅಧ್ಯಕ್ಷ ಜೇಮ್ಸ್ ರೋಷ್ ಸೆನೆಟ್ ಉಪಸಮಿತಿಯ ಮುಂದೆ ಕೂತು ಕ್ಷಮೆ ಕೇಳಬೇಕಾಯಿತು. ಜಗತ್ತಿನ ಅತಿ ದೊಡ್ಡ ಕಾರು ಕಂಪನಿಯ ಮುಖ್ಯಸ್ಥ, ಒಬ್ಬ ಯುವ ವಕೀಲನಿಗೆ, ಇಡೀ ದೇಶದ ಮುಂದೆ! ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ವಾಹನ ಸುರಕ್ಷತೆಯ ಕಾನೂನು ಬಂತು. ನೇಡರ್ ಹೂಡಿದ ದಾವೆ 1970ರಲ್ಲಿ 4,25,000 ಡಾಲರ್‌ಗೆ ಇತ್ಯರ್ಥ ಆಯಿತು. ಆ ದುಡ್ಡನ್ನು ಆತ ಗ್ರಾಹಕರ ಪರವಾದ ಕೆಲಸಕ್ಕೇ ಹಾಕಿದ. ಇವತ್ತು ನಾವು ಬೆಲ್ಟು ಕಟ್ಟಿಕೊಂಡು, ಅಪಘಾತದಲ್ಲಿ ಮಡಚಿಕೊಳ್ಳುವ ಸ್ಟೀರಿಂಗ್ ಕಂಬದ ಹಿಂದೆ ಕೂರುವುದರ ಹಿಂದೆ ಈ ಇತಿಹಾಸ ಇದೆ. ಕೊರ್ವೇರ್ ಪ್ರೀತಿಯಲ್ಲಿ ಇದನ್ನು ಮರೆಯಬೇಡಿ.

ಹಳೇಗಾಡಿ:

ನೇಡರ್ ಮಾಡಿದ ಕೆಲಸದ ಬಗ್ಗೆ ನನ್ನ ತಕರಾರಿಲ್ಲ. ಕಾನೂನು ಬಂದದ್ದು ಒಳ್ಳೆಯದೇ ಆಯಿತು. ಪತ್ತೇದಾರರ ವಿಷಯದಲ್ಲಿ ಕಂಪನಿ ಮಾಡಿದ್ದು ಅಸಹ್ಯ. ನಾನು ಕೇಳುತ್ತಿರುವುದು ಬೇರೆ: ಕಾರು ನಿಂತದ್ದು ಯಾಕೆ?

ತಾರೀಕು ನೋಡಿ. 1964ರ ಏಪ್ರಿಲ್ 17ಕ್ಕೆ ಮಸ್ಟ್ಯಾಂಗ್ ಬಂತು. ಅಡಿಯಲ್ಲಿ ಅದು ಫಾಲ್ಕನ್ನೇ. ಮಾಡಲು ಅಗ್ಗ, ಬೇಕಾದವರಿಗೆ ವಿ8 ಎಂಜಿನ್. ಮೊದಲ ವರ್ಷದಲ್ಲೇ ನಾಲ್ಕು ಲಕ್ಷಕ್ಕೂ ಹೆಚ್ಚು ಮಾರಾಟ. ಕೊರ್ವೇರ್ ಹಿಂಭಾಗದಲ್ಲಿ ವಿ8 ಹಿಡಿಸುವ ಮಾತೇ ಇರಲಿಲ್ಲ. ಶೆವರ್ಲೆಯವರು ತಮ್ಮದೂ ಒಂದು ಮಸ್ಟ್ಯಾಂಗ್ ಬೇಕು ಅಂತ ಕ್ಯಾಮರೋ ಕೆಲಸ ಶುರು ಮಾಡಿದರು. ಅದೂ ಮುಂದೆ ಎಂಜಿನ್ ಇರುವ ಮಾಮೂಲಿ ವಿನ್ಯಾಸ, 1967ರ ಮಾದರಿಯಾಗಿ ಹೊರಬಂತು. 1965ರ ಏಪ್ರಿಲ್‌ನಲ್ಲೇ ಕೊರ್ವೇರ್ ಮೇಲೆ ಇನ್ನು ಹೊಸ ಅಭಿವೃದ್ಧಿ ಬೇಡ, ಸರ್ಕಾರದ ನಿಯಮಕ್ಕೆ ಬೇಕಾದಷ್ಟು ಮಾತ್ರ ಮಾಡಿ ಅಂತ ಕಂಪನಿಯೊಳಗೆ ತೀರ್ಮಾನ ಆಗಿತ್ತು. ಪುಸ್ತಕ ಬಂದದ್ದು ನವೆಂಬರ್‌ನಲ್ಲಿ. ನಡುವೆ ಏಳು ತಿಂಗಳು.

ಕರುಳು ಚುರ್ ಅನ್ನುವುದು ಏನಂದರೆ, ಆ 1965ರ ಹೊಸ ಕೊರ್ವೇರ್ ಅದ್ಭುತವಾಗಿತ್ತು. ಬಿಲ್ ಮಿಚೆಲ್ ನೇತೃತ್ವದ ವಿನ್ಯಾಸ ವಿಭಾಗ ಮಾಡಿದ ಅತ್ಯಂತ ಚಂದದ ಕೆಲಸಗಳಲ್ಲಿ ಅದೂ ಒಂದು ಅಂತ ನನ್ನ ಅಭಿಪ್ರಾಯ. ನಡುವೆ ಕಂಬ ಇಲ್ಲದ ಬಾಗಿಲುಗಳು, ಎಲ್ಲೂ ಬೇಡದ ಗೆರೆ ಇಲ್ಲ, ಹಿಂದಿನ ಚಕ್ರದ ಮೇಲೆ ಮೆಲ್ಲಗೆ ಏಳುವ ಸೊಂಟ. ಕಾರು ಪತ್ರಿಕೆಗಳು ಹೊಗಳಿದವು. ಆ ವರ್ಷ ಎರಡು ಲಕ್ಷಕ್ಕೂ ಮೀರಿ ತಯಾರಾದವು. 1966ಕ್ಕೆ ಒಂದು ಲಕ್ಷದ ಆಸುಪಾಸು, 1967ಕ್ಕೆ 27 ಸಾವಿರ, 1968ಕ್ಕೆ 15 ಸಾವಿರ. ಪುಸ್ತಕದಿಂದ ಪೆಟ್ಟು ಬಿದ್ದಿಲ್ಲ ಅಂತ ಹೇಳುತ್ತಿಲ್ಲ, ಬಿದ್ದಿದೆ. ಆದರೆ ಜಾಹೀರಾತು ನಿಂತು, ಹೊಸ ಎಂಜಿನ್ ನಿಂತು, ಪಕ್ಕದಲ್ಲೇ ಕ್ಯಾಮರೋ ನಿಂತ ಮೇಲೆ ಯಾವ ಕಾರು ಮಾರಾಟ ಆದೀತು? ನನ್ನ ಅನಿಸಿಕೆ ಕೇಳಿದರೆ ಪುಸ್ತಕ ಕೊರ್ವೇರ್ ಆಯಸ್ಸನ್ನು ಹೆಚ್ಚಿಸಿತು. ಗಲಾಟೆಯ ನಡುವೆ ನಿಲ್ಲಿಸಿದರೆ ತಪ್ಪೊಪ್ಪಿಕೊಂಡ ಹಾಗೆ ಕಾಣುತ್ತಿತ್ತು. ಅದಕ್ಕೇ 1969ರವರೆಗೂ ಎಳೆದರು.

ಡೆಟ್ರಾಯ್ಟ್ ಕನ್ನಡಿಗ:

ನಾನು ಇರುವುದು ಮಿಷಿಗನ್‌ನಲ್ಲಿ. ಕೊರ್ವೇರ್ ತಯಾರಾಗುತ್ತಿದ್ದ ವಿಲ್ಲೋ ರನ್ ಇಲ್ಲಿಗೆ ದೂರವಲ್ಲ. ಎರಡನೇ ಮಹಾಯುದ್ಧದಲ್ಲಿ ಫೋರ್ಡ್‌ನವರು ಬಿ-24 ಬಾಂಬರ್ ವಿಮಾನ ಮಾಡಿದ್ದು ಅಲ್ಲೇ. ಪಕ್ಕದ ಇಪ್ಸಿಲಾಂಟಿಯಲ್ಲಿ ಒಂದು ಹಳೆಯ ಹಡ್ಸನ್ ಡೀಲರ್ ಅಂಗಡಿಯನ್ನೇ ಕಾರು ಮ್ಯೂಸಿಯಂ ಮಾಡಿದ್ದಾರೆ. ಅಲ್ಲಿ ಕೊರ್ವೇರ್‌ಗಳನ್ನು ಹತ್ತಿರದಿಂದ ನೋಡಬಹುದು. ಇಲ್ಲಿಗೆ ಬರುವ ಕನ್ನಡದವರು ಡಿಯರ್‌ಬಾರ್ನಿನ ಫೋರ್ಡ್ ಮ್ಯೂಸಿಯಂ ನೋಡಿ ಹೊರಟುಬಿಡುತ್ತಾರೆ. ಇಪ್ಸಿಲಾಂಟಿಗೂ ಒಂದು ಗಂಟೆ ಇಟ್ಟುಕೊಳ್ಳಿ.

ನನಗೆ ಈ ಕಾರಿನಲ್ಲಿ ತುಂಬ ಇಷ್ಟ ಫ್ಯಾನ್ ಬೆಲ್ಟು. ಎಂಜಿನ್ ಮೇಲೆ ಅಡ್ಡಲಾಗಿ ಮಲಗಿಸಿದ ದೊಡ್ಡ ಫ್ಯಾನ್ ಇದೆ. ಆದರೆ ಅದನ್ನು ತಿರುಗಿಸುವ ಕ್ರ್ಯಾಂಕಿನ (ಎಂಜಿನ್ನಿನ ಮುಖ್ಯ ದಂಡದ) ಪುಲ್ಲಿ ಮಾಮೂಲಿನ ಹಾಗೆ ನಿಂತಿದೆ. ಹಾಗಾಗಿ ಬೆಲ್ಟು ಕೆಳಗಿನಿಂದ ನೇರ ಬಂದು, ಪುಲ್ಲಿಗಳ ಮೇಲೆ ತಿರುಚಿಕೊಂಡು, ಅಡ್ಡಲಾಗಿ ಫ್ಯಾನ್ ಸುತ್ತಿ, ಮತ್ತೆ ತಿರುಚಿಕೊಂಡು ಕೆಳಗಿಳಿಯುತ್ತದೆ. ನೋಡಿದರೆ ಇದು ಓಡುತ್ತದಾ ಅನ್ನಿಸುತ್ತದೆ, ಆದರೆ ಸರಿಯಾದ ಬೆಲ್ಟು, ಸರಿಯಾದ ಬಿಗಿ ಇದ್ದರೆ ಚೆನ್ನಾಗಿಯೇ ಓಡುತ್ತದೆ. ಬಿಗಿ ತಪ್ಪಿದರೆ ಹಾರಿಬೀಳುತ್ತದೆ. ಆಗ ತಕ್ಷಣ ನಿಲ್ಲಿಸಬೇಕು, ಇಲ್ಲದಿದ್ದರೆ ಎಂಜಿನ್ ಕಾದು ಹೋಗುತ್ತದೆ. ಮಾಲೀಕರು ಇವತ್ತಿಗೂ ಒಂದು ಹೆಚ್ಚುವರಿ ಬೆಲ್ಟು, ಒಂದು ಸ್ಪ್ಯಾನರ್ ಗಾಡಿಯಲ್ಲಿ ಇಟ್ಟುಕೊಂಡೇ ಓಡಾಡುತ್ತಾರೆ.

ಇನ್ನೊಂದಿಷ್ಟು. ಅದರ ಆಟೋಮ್ಯಾಟಿಕ್ ಗೇರ್ ಎರಡೇ ಹಂತದ್ದು. ಗೇರಿನ ಸಣ್ಣ ಹಿಡಿ ಡ್ಯಾಶ್‌ಬೋರ್ಡಿನಲ್ಲಿತ್ತು. ಪಾರ್ಕ್ ಅನ್ನುವ ಸ್ಥಾನವೇ ಇರಲಿಲ್ಲ, ಹ್ಯಾಂಡ್‌ಬ್ರೇಕೇ ಗತಿ. ಡಿಕ್ಕಿ ಮುಂದೆ. 1960ರ ಮಾದರಿಯಲ್ಲಿ ಸ್ಟೆಪ್ನಿ ಕೂಡ ಮುಂದಿತ್ತು, ಮರುವರ್ಷ ಅದನ್ನು ಎಂಜಿನ್ ಕೋಣೆಗೆ ಸಾಗಿಸಿದರು. ಮೊದಲ ವರ್ಷದ ಹೀಟರ್ ಪೆಟ್ರೋಲಿನಲ್ಲೇ ಉರಿಯುತ್ತಿತ್ತು. ಆಮೇಲೆ ಎಂಜಿನ್ ಸುತ್ತ ಹೋದ ಬಿಸಿಗಾಳಿಯನ್ನೇ ಒಳಗೆ ಬಿಟ್ಟರು. ಅಲ್ಲೊಂದು ತೊಂದರೆ. ಎಂಜಿನ್ನಿನ ಪುಶ್ ರಾಡ್ ಕೊಳವೆಗಳಲ್ಲಿ ಎಣ್ಣೆ ಸೋರದಂತೆ ಹಾಕಿದ ರಬ್ಬರ್ ಓ-ರಿಂಗುಗಳು ಬಿಸಿಗೆ ಗಟ್ಟಿಯಾಗಿ ಒಡೆಯುತ್ತಿದ್ದವು. ಎಣ್ಣೆ ಸೋರಿ ಬಿಸಿ ಎಂಜಿನ್ ಮೇಲೆ ಬಿದ್ದರೆ ಅದರ ವಾಸನೆ ಸೀದಾ ಕೂತವರ ಮೂಗಿಗೆ. ಈಗ ವೈಟಾನ್ ಅನ್ನುವ ಬಿಸಿ ತಾಳುವ ವಸ್ತುವಿನ ರಿಂಗು ಸಿಗುತ್ತದೆ, ಅದನ್ನು ಹಾಕಿದರೆ ವರ್ಷಗಟ್ಟಲೆ ಚಿಂತೆ ಇಲ್ಲ.

ಕೊರ್ವೇರ್ ಅಂದರೆ ಬರೀ ಕಾರಲ್ಲ. ಲೇಕ್‌ವುಡ್ ಅನ್ನುವ ಸ್ಟೇಷನ್ ವ್ಯಾಗನ್ ಇತ್ತು. ಹಾಸ್ಯನಟ ಎರ್ನಿ ಕೊವಾಕ್ಸ್ 1962ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನಲ್ಲಿ ಅಪಘಾತದಲ್ಲಿ ತೀರಿಕೊಂಡಾಗ ಓಡಿಸುತ್ತಿದ್ದದ್ದು ಅಂಥದ್ದೇ ವ್ಯಾಗನ್. ಗ್ರೀನ್‌ಬ್ರಿಯರ್ ಅನ್ನುವ ವ್ಯಾನ್ ಇತ್ತು. ರ‍್ಯಾಂಪ್‌ಸೈಡ್ ಅನ್ನುವ ಪಿಕಪ್ಪಿನ ಪಕ್ಕದ ಬದಿಯೇ ಕೆಳಗೆ ಮಡಚಿ ಇಳಿಜಾರು ಹಲಗೆ ಆಗುತ್ತಿತ್ತು. ಟೆಲಿಫೋನ್ ಕಂಪನಿಯವರು ಕೇಬಲ್ ಸುರುಳಿಗಳನ್ನು ಅದರ ಮೇಲೆ ಉರುಳಿಸಿ ಹತ್ತಿಸುತ್ತಿದ್ದರು. ಎಲ್ಲ ಸೇರಿ ಕೊರ್ವೇರ್ ಕುಟುಂಬದಲ್ಲಿ ತಯಾರಾದದ್ದು 18 ಲಕ್ಷಕ್ಕೂ ಹೆಚ್ಚು.

ಕಡೆಯ ವರ್ಷದ್ದು ಬೇರೆಯೇ ಕಥೆ. 1969ರ ಮಾದರಿ ಬರೀ 6,000. ಅದರಲ್ಲಿ ಟಾಪ್ ತೆಗೆಯಬಹುದಾದ ಕನ್ವರ್ಟಿಬಲ್ 521 ಮಾತ್ರ. 1968ರ ನವೆಂಬರ್ ನಂತರ ಮುಖ್ಯ ಸಾಲಿನಿಂದ ಇದನ್ನು ಹೊರಗೆ ಹಾಕಿ, ಕಾರ್ಖಾನೆಯ ಒಂದು ಮೂಲೆಯಲ್ಲಿ ಹೆಚ್ಚುಕಮ್ಮಿ ಕೈಯಿಂದಲೇ ಜೋಡಿಸಿದರು. 1969ರ ಮೇ 14ಕ್ಕೆ 6,000ನೇ ಕಾರು ಹೊರಬಂತು, ಬಂಗಾರದ ಬಣ್ಣದ ಮೋಂಜಾ. ಆ ವರ್ಷ ಕೊರ್ವೇರ್ ಕೊಂಡವರಿಗೆ ಇನ್ನೊಂದು ಶೆವರ್ಲೆ ಕೊಳ್ಳಲು 150 ಡಾಲರ್ ಕೂಪನ್ ಕೊಟ್ಟರು.

ತುಮಕೂರು ಟರ್ಬೊ:

ನನ್ನ ಇಷ್ಟದ ವಿಷಯ ಯಾರೂ ಎತ್ತಲಿಲ್ಲ. 1962ರಲ್ಲೇ ಕೊರ್ವೇರ್ ಮೋಂಜಾ ಸ್ಪೈಡರ್‌ಗೆ ಟರ್ಬೊ, ಅಂದರೆ ಎಕ್ಸಾಸ್ಟ್ ಬಲದಿಂದ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ, ಇತ್ತು! 150 ಅಶ್ವಶಕ್ತಿ. ಆ ವರ್ಷ ಸಾಮಾನ್ಯ ಜನ ಕೊಳ್ಳಬಹುದಾದ ಟರ್ಬೊ ಕಾರುಗಳು ಎರಡೇ, ಇದು ಮತ್ತು ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್. ಜೆಟ್‌ಫೈರ್‌ಗೆ ಬೇರೆ ಒಂದು ದ್ರವ ತುಂಬುತ್ತಿರಬೇಕಿತ್ತು, ಜನ ತುಂಬಲಿಲ್ಲ, ಎರಡೇ ವರ್ಷಕ್ಕೆ ನಿಂತಿತು. ಕೊರ್ವೇರ್ ಟರ್ಬೊ 1966ರವರೆಗೆ ನಡೆಯಿತು, ಕಡೆಕಡೆಗೆ ಕೋರ್ಸಾ ಮಾದರಿಯಲ್ಲಿ 180 ಅಶ್ವಶಕ್ತಿ. ಬಿಎಂಡಬ್ಲ್ಯು 2002 ಟರ್ಬೊ ಬಂದದ್ದು 1973ರಲ್ಲಿ. ಟರ್ಬೊ ಬೇಡದವರಿಗೆ ನಾಲ್ಕು ಕಾರ್ಬುರೇಟರ್ ಇರುವ 140 ಅಶ್ವಶಕ್ತಿಯ ಎಂಜಿನ್ ಇತ್ತು. ದಿನಬಳಕೆಗೆ ಅದೇ ವಾಸಿ ಅಂತ ಓಡಿಸಿದವರು ಹೇಳುತ್ತಾರೆ.

ಪೆನ್ಸಿಲ್ವೇನಿಯಾದ ಡಾನ್ ಯೆಂಕೋ ಅನ್ನುವ ಡೀಲರ್ 1966ರಲ್ಲಿ 100 ಕಾರುಗಳನ್ನು ತೆಗೆದುಕೊಂಡು ಯೆಂಕೋ ಸ್ಟಿಂಗರ್ ಮಾಡಿದ. ಹಿಂದಿನ ಸೀಟು ತೆಗೆದು, ಎಂಜಿನ್ ಹುರುಪು ಹೆಚ್ಚಿಸಿ, ರೇಸಿಗೆ ಇಳಿಸಿದ. 1967ರಲ್ಲಿ ಸ್ಟಿಂಗರ್ ತನ್ನ ವರ್ಗದಲ್ಲಿ ರಾಷ್ಟ್ರೀಯ ಚಾಂಪಿಯನ್ ಆಯಿತು. ತಿರುವಿನಲ್ಲಿ ನಿಲ್ಲದ ಕಾರು ಅಂತ ಹೆಸರು ಕೆಡಿಸಿಕೊಂಡದ್ದು ತಿರುವುಗಳೇ ತುಂಬಿದ ಟ್ರ್ಯಾಕಿನಲ್ಲಿ ಗೆದ್ದಿತು. ಅದು 1965ರ ನಂತರದ ಸಸ್ಪೆನ್ಷನ್ ಗುಣ.

ಆ ಎಂಜಿನ್ ಹಗುರ, ನೀರು ಬೇಡ, ಹಾಗಾಗಿ ಮನೆಯಲ್ಲೇ ವಿಮಾನ ಕಟ್ಟುವವರಿಗೆ ಬಲು ಇಷ್ಟ. ಬರ್ನಾರ್ಡ್ ಪೀಟನ್‌ಪೋಲ್ 1960ರ ದಶಕದಲ್ಲೇ ತನ್ನ ಏರ್ ಕ್ಯಾಂಪರ್ ವಿಮಾನಕ್ಕೆ ಕೊರ್ವೇರ್ ಎಂಜಿನ್ ಕೂರಿಸಿ ಹಾರಿಸಿದ. ಈಗಲೂ ಹಾರಿಸುವವರಿದ್ದಾರೆ. ಮತ್ತೆ 1966ರ ಎಲೆಕ್ಟ್ರೋವೇರ್ 2. ಹೌದು, ವಿದ್ಯುತ್ ಕೊರ್ವೇರ್! ಬೆಳ್ಳಿ ಮತ್ತು ಸತುವಿನ ಬ್ಯಾಟರಿ, ಒಮ್ಮೆ ಚಾರ್ಜ್ ಮಾಡಿದರೆ 40ರಿಂದ 80 ಮೈಲಿ. ಬ್ಯಾಟರಿ ಸುಮಾರು ನೂರು ಸಲ ಚಾರ್ಜ್ ಆಗುವಷ್ಟರಲ್ಲಿ ಮುಗಿದುಹೋಗುತ್ತಿತ್ತು, ಬೆಲೆಯೋ ಕೇಳುವ ಹಾಗಿಲ್ಲ. ಪ್ರಯೋಗದಲ್ಲೇ ನಿಂತಿತು.

ನಟ್ಟುಬೋಲ್ಟು:

ಒಂದು ವಿಷಯ ಸೇರಿಸದೆ ಈ ಎಳೆ ಪೂರ್ತಿ ಆಗುವುದಿಲ್ಲ. 1972ರಲ್ಲಿ ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಒಂದು ವರದಿ ಕೊಟ್ಟಿತು. 1963ರ ಕೊರ್ವೇರನ್ನು ಫಾಲ್ಕನ್, ವೇಲಿಯಂಟ್, ಬೀಟಲ್ ಮೊದಲಾದ ಅದೇ ಕಾಲದ ಕಾರುಗಳ ಜೊತೆ ಪರೀಕ್ಷಿಸಿದ್ದರು. ಹಳೆಯ ಕೊರ್ವೇರ್ ಮಗುಚುವ ಅಪಾಯ ಆ ಕಾಲದ ಬೇರೆ ಕಾರುಗಳಿಗಿಂತ ಹೆಚ್ಚೇನಿಲ್ಲ ಅನ್ನುವುದು ಅವರ ತೀರ್ಮಾನ. ತಮಾಷೆ ಅಲ್ಲ, ನೇಡರ್ ಹೋರಾಟದಿಂದ ಬಂದ ಕಾನೂನನ್ನು ಜಾರಿಗೆ ತರುವ ಸಂಸ್ಥೆಯೇ ಇದನ್ನು ಹೇಳಿದ್ದು.

ಗ್ರಾಹಕಪರ:

ಆ ವರದಿ ನನಗೂ ಗೊತ್ತು, ನೇಡರ್ ಅದನ್ನು ಒಪ್ಪಲಿಲ್ಲ ಅನ್ನುವುದೂ ಗೊತ್ತು. "ಬೇರೆಯವಕ್ಕಿಂತ ಕೆಟ್ಟದಲ್ಲ" ಅನ್ನುವುದಕ್ಕೂ "ಸುರಕ್ಷಿತ" ಅನ್ನುವುದಕ್ಕೂ ಬಹಳ ಅಂತರ ಇದೆ. ಬೀಟಲ್‌ಗೂ ಆಗ ಸ್ವಿಂಗ್ ಆಕ್ಸಲ್ಲೇ ಇತ್ತು. ಆ ಕಾಲದ ಕಾರುಗಳೇ ಹಾಗಿದ್ದವು, ಅದೇ ಅಲ್ವಾ ಪುಸ್ತಕದ ಉಳಿದ ಏಳು ಅಧ್ಯಾಯ ಹೇಳಿದ್ದು? ಪರೀಕ್ಷೆ ಮಾಡಿದವರು ಸರಿಯಾದ ಗಾಳಿ ಹಾಕಿಕೊಂಡು ಓಡಿಸುವ ಪರಿಣತರು. ಅಲ್ಲಿ ಬಂಕಿನ ಹುಡುಗ ಇರಲಿಲ್ಲ. ಅದನ್ನು ಮೇಲೆ ನೀವೇ ಬರೆದಿದ್ದೀರಿ.

ಹಾಂ, ಆಸಕ್ತಿ ಇದ್ದವರಿಗೆ: ನೇಡರ್ ಹುಟ್ಟೂರು ಕನೆಕ್ಟಿಕಟ್‌ನ ವಿನ್‌ಸ್ಟೆಡ್. ಅಲ್ಲಿ ಆತ 2015ರಲ್ಲಿ ಹಾನಿ ಮಾಡಿದವರಿಂದ ಪರಿಹಾರ ಕೇಳುವ ಕಾನೂನಿನ ಬಗ್ಗೆ ಒಂದು ಮ್ಯೂಸಿಯಂ ತೆರೆದ. ಒಳಗೆ ಕೆಂಪು ಕೊರ್ವೇರ್ ನಿಲ್ಲಿಸಿದ್ದಾರೆ.

ಕಾವೇರಿ ತೀರ:

ಇಷ್ಟೆಲ್ಲ ಓದಿದ ಮೇಲೆ ಒಂದು ಕೊನೆಯ ಪ್ರಶ್ನೆ. ನನ್ನ ತಮ್ಮ ಒಹಾಯೋದಲ್ಲಿದ್ದಾನೆ, ಹಳೆ ಕಾರು ಹುಡುಕುತ್ತಿದ್ದಾನೆ. ಕೊರ್ವೇರ್ ತಗೋ ಅನ್ನಲಾ? ಬಿಡಿಭಾಗ ಸಿಗುತ್ತದಾ?

ಡೆಟ್ರಾಯ್ಟ್ ಕನ್ನಡಿಗ:

ಧಾರಾಳವಾಗಿ ಹೇಳಿ. ನಿಂತುಹೋದ ಅಮೆರಿಕನ್ ಕಾರುಗಳಲ್ಲಿ ಇದರಷ್ಟು ಸುಲಭವಾಗಿ ಭಾಗ ಸಿಗುವವು ಕಮ್ಮಿ. ಮ್ಯಾಸಚೂಸೆಟ್ಸ್‌ನ ಶೆಲ್ಬರ್ನ್ ಫಾಲ್ಸ್‌ನಲ್ಲಿ ಕ್ಲಾರ್ಕ್ಸ್ ಅನ್ನುವ ಅಂಗಡಿ ಇದೆ, ಬರೀ ಕೊರ್ವೇರ್ ಭಾಗಗಳಿಗೇ ಹೆಸರಾದದ್ದು. ಕೋರ್ಸಾ ಅನ್ನುವ ಮಾಲೀಕರ ಸಂಘ ಕಾರು ನಿಂತ ವರ್ಷವೇ, 1969ರಲ್ಲಿ, ಶುರುವಾಗಿ ಇನ್ನೂ ನಡೆಯುತ್ತಿದೆ. ಒಹಾಯೋ ಕಡೆಯಲ್ಲೂ ಅದರ ಸ್ಥಳೀಯ ಶಾಖೆಗಳಿವೆ, ಕೊಳ್ಳುವ ಮುಂಚೆ ಅಲ್ಲಿನ ಒಬ್ಬ ಹಳೆಯ ಸದಸ್ಯರನ್ನು ಕರೆದುಕೊಂಡು ಹೋಗಿ ತೋರಿಸಲಿ.

ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುವ ಊರು ಅದು. ಹಾಗಾಗಿ ಮೊದಲು ನೆಲದ ತಗಡು, ಮುಂದಿನ ಗಾಜಿನ ಕೆಳಗಿನ ಭಾಗ ತುಕ್ಕು ಹಿಡಿದಿದೆಯಾ ನೋಡಲಿ. ಎಂಜಿನ್ ಕೆಟ್ಟಿದ್ದರೆ ಮಾಡಿಸಬಹುದು, ತಗಡು ಹೋಗಿದ್ದರೆ ಕಷ್ಟ. ಎಣ್ಣೆ ಸೋರಿಕೆ ನೋಡಲಿ. ಹೀಟರ್ ಹಾಕಿ ಕೂತು ಹೊಗೆ ವಾಸನೆ ಬರುತ್ತದಾ ನೋಡಲಿ, ಎಕ್ಸಾಸ್ಟ್ ಸೋರಿದರೆ ವಿಷದ ಗಾಳಿ ಒಳಗೇ ಬರುತ್ತದೆ, ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಸಾಧ್ಯವಾದರೆ 1965ರ ನಂತರದ್ದು ತಗೊಳ್ಳಲಿ. 1967ರದ್ದಾದರೆ ಇನ್ನೂ ಒಳ್ಳೆಯದು. ಅದರಲ್ಲಿ ಎರಡು ಸರ್ಕ್ಯೂಟಿನ (ಒಂದು ಕೆಟ್ಟರೂ ಇನ್ನೊಂದು ಹಿಡಿಯುವ) ಬ್ರೇಕ್ ಮತ್ತು ಮಡಚಿಕೊಳ್ಳುವ ಸ್ಟೀರಿಂಗ್ ಕಂಬ ಎರಡೂ ಇವೆ.

ಹಳೇಗಾಡಿ:

ಹಳೆಯದೇ ಬೇಕು ಅಂತ ಹಠ ಮಾಡಿದರೆ 1964 ತಗೊಳ್ಳಲಿ. ಹಳೆಯ ಮೈಕಟ್ಟು, ಆದರೆ ಮುಂದೆ ಸರಳು, ಹಿಂದೆ ಪಾಟಾ ಎರಡೂ ಬಂದಿರುತ್ತವೆ, ಎಂಜಿನ್ನೂ 2.7 ಲೀಟರ್. ಮತ್ತೆ ಯಾವ ವರ್ಷದ್ದು ತಂದರೂ ಕಂಪನಿಯ ಕೈಪಿಡಿಯಲ್ಲಿರುವ ಗಾಳಿಯ ಲೆಕ್ಕವನ್ನು ಬರೆದು ಬಾಗಿಲ ಒಳಗೆ ಅಂಟಿಸಿಕೊಳ್ಳಲಿ. ಗಾಳಿ ಹಾಕಿಸುವಾಗ ತಾನೇ ಪಕ್ಕದಲ್ಲಿ ನಿಂತು ನೋಡಲಿ.